ಕಾಕು ಹೆಸರಿನಲ್ಲಿ ವಿದ್ಯಾರ್ಥಿವೇತನ: ನನ್ನ ಅನುಭವ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಕೊಡುತ್ತಲೇ ಬಂದಿವೆ. ನಮ್ಮ ಕಾಕುವೂ (ಚಿಕ್ಕಮ್ಮ) ಹರೆಯದಲ್ಲಿ ಸೈಕಲ್ ರೇಸಿಗೆ ಇಳಿದವರು. ಮುಂದೆ ರೊಟ್ಟಿ ಕೇಂದ್ರ ಹಾಕಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಸೊಲ್ಲಾಪುರದವರೆಗೆ ಕಳಿಸಿದರು. ರೊಟ್ಟಿ ಬಡಿಯುವವರ ಮಕ್ಕಳ ಫೀಸು ಕಟ್ಟುವುದೂ ಅವರ ಲೆಕ್ಕದಲ್ಲಿ ಕೇಂದ್ರದ ಖರ್ಚೇ. ಅವರು ತೀರಿಕೊಂಡ ಮೇಲೆ ಅದು ನಿಲ್ಲಬಾರದೆಂದು, ಆಟದಲ್ಲಿರುವ ಕಾಲೇಜು ಹುಡುಗಿಯರಿಗೆ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವ ಈ ಕೆಲಸಕ್ಕೆ ಕೈಹಾಕಿದೆವು.

ಕಾಲೇಜಿನಲ್ಲಿ ದತ್ತಿನಿಧಿ ಇಡಿ, ವಾರ್ಷಿಕೋತ್ಸವದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಕೊಡಿಸೋಣ ಎಂದರು ಹಲವರು. ನಾನು ಒಪ್ಪಲಿಲ್ಲ. ದುಡ್ಡು ಬೇಕಾಗುವುದು ಅಡ್ಮಿಷನ್ ಹೊತ್ತಿಗೆ. ಸರ್ಕಾರದ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಮೂಲಕ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕೆಂದರೂ ಮೊದಲು ಅಡ್ಮಿಷನ್ ಆಗಿರಬೇಕು. ವಾರ್ಷಿಕೋತ್ಸವ ಬರುವಷ್ಟರಲ್ಲಿ ಹುಡುಗಿ ಕಾಲೇಜು ಬಿಟ್ಟಿರುತ್ತಾಳೆ.

ಹಾಗಾಗಿ ಸ್ವಂತ ಟ್ರಸ್ಟ್ ಮಾಡಿದೆವು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ ನೋಂದಣಿ, ಟ್ರಸ್ಟಿನ ಪ್ಯಾನ್, ಬ್ಯಾಂಕ್ ಖಾತೆ, ಆಮೇಲೆ ಆದಾಯ ತೆರಿಗೆಯ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ). ಎರಡು ಸಾವಿರ ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ 80ಜಿ ವಿನಾಯಿತಿ ಸಿಗದು ಎಂದು ದಾನಿಗಳಿಗೆ ಮೊದಲೇ ಹೇಳುತ್ತಿದ್ದೆ. ಅಮೆರಿಕದ ಪೌರತ್ವ ಪಡೆದ ಬಂಧುಗಳ ಹಣವನ್ನು ಬೇಡ ಎನ್ನಬೇಕಾಯಿತು. 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯ ಪ್ರಕಾರ ಅದು ವಿದೇಶಿ ದೇಣಿಗೆ, ಅನುಮತಿ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ಅಲ್ಲಿಂದಲೇ ತಮ್ಮ ಉಳಿತಾಯ ಕಳಿಸಿದರೆ ಆ ತೊಡಕಿಲ್ಲ.

ಐದು ಲಕ್ಷ ರೂಪಾಯಿ ಠೇವಣಿ ಇಟ್ಟೆವು. ಶೇ. 7ರ ಬಡ್ಡಿಯಲ್ಲಿ ವರ್ಷಕ್ಕೆ 35,000. ಅದರಲ್ಲಿ 30,000 ಹಂಚಿ, 5,000 ಅಸಲಿಗೇ ಸೇರಿಸುತ್ತೇವೆ. ಫೀಸು ಏರುತ್ತದೆ, ಅಸಲು ಇದ್ದಷ್ಟೇ ಇದ್ದರೆ ಕೆಲವೇ ವರ್ಷಗಳಲ್ಲಿ ಈ ವೇತನ ಬರೀ ಹೆಸರಿಗೆ ಉಳಿಯುತ್ತದೆ.

ಆಯ್ಕೆಯ ಬಗ್ಗೆ ನಾನು ಹೆಚ್ಚು ಹಟ ಹಿಡಿದೆ. ಸಮಿತಿಯಲ್ಲಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಜೊತೆ ರೊಟ್ಟಿ ಕೇಂದ್ರದ ಇಬ್ಬರು ಹಿರಿಯ ಹೆಣ್ಣುಮಕ್ಕಳು ಇರಲೇಬೇಕೆಂದೆ. ಯಾರ ಮನೆಯಲ್ಲಿ ಸಾಲ ಇದೆ, ಯಾವ ಹುಡುಗಿಗೆ ಮದುವೆ ಗೊತ್ತು ಮಾಡುವ ಮಾತು ನಡೆದಿದೆ ಎಂಬುದು ಅವರಿಗೆ ಗೊತ್ತು, ಆದಾಯ ಪ್ರಮಾಣಪತ್ರಕ್ಕೆ ಗೊತ್ತಿಲ್ಲ. “ಆಕಿ ಕೇಳಂಗಿಲ್ರೀ, ನಾವಾ ಹೋಗಿ ಕರೀಬೇಕು” ಎಂದು ಒಬ್ಬರು ಹೇಳಿದ್ದರಿಂದಲೇ ಮೊದಲ ವಿದ್ಯಾರ್ಥಿನಿ ಸಿಕ್ಕಳು. ಅಂಕದ ಮಿತಿ ಇಡಲಿಲ್ಲ. ಪಾಸಾಗಿರಬೇಕು, ಆಟ ಬಿಟ್ಟಿರಬಾರದು, ಅಷ್ಟೇ. ಹಣದಲ್ಲಿ ಫೀಸು ಹೋಗಿ ಉಳಿದದ್ದು ಟೈರು, ಶೂ, ಹಾಲು, ಮೊಟ್ಟೆಗೆ.

ಪ್ರತಿವರ್ಷ ಹೊಸಬರಿಗೆ ಕೊಟ್ಟರೆ ಹೆಚ್ಚು ಜನಕ್ಕೆ ಸಿಗುತ್ತದೆ ಎಂಬ ವಾದ ಈಗಲೂ ಸಭೆಯಲ್ಲಿ ಬರುತ್ತದೆ. ಒಬ್ಬಳನ್ನು ಆರಿಸಿದರೆ ಪದವಿ ಮುಗಿಯುವವರೆಗೂ ಅವಳಿಗೇ ಕೊಡಬೇಕು ಎಂಬುದು ನನ್ನ ನಿಲುವು, ಡೀಡಿನಲ್ಲೂ ಹಾಗೇ ಬರೆಸಿದ್ದೇವೆ.