ಹಿಡಿಕೆಯ ಒಳಮಗ್ಗಲು: ಕಡಿಮೆ ಬೆಲೆಯ ಕೆಟಲ್‌ಬೆಲ್ ಆರಿಸಿಕೊಂಡ ನನ್ನ ಅನುಭವ

ಮೂರು ವರ್ಷಗಳಲ್ಲಿ ನಾನು ನಾಲ್ಕು ಕೆಟಲ್‌ಬೆಲ್‌ಗಳನ್ನು, ಎಂದರೆ ಮೇಲೆ ಹಿಡಿಕೆಯಿರುವ ವ್ಯಾಯಾಮದ ಭಾರದ ಗುಂಡುಗಳನ್ನು ಕೊಂಡಿದ್ದೇನೆ, ಅವುಗಳಲ್ಲಿ ಎರಡು ಮಾತ್ರ ಇಂದಿಗೂ ಬಳಕೆಯಲ್ಲಿವೆ. ಕೆಟ್ಟುಹೋದ ಎರಡಕ್ಕೆ ಕೊಟ್ಟ ಹಣ ಒಟ್ಟು 2,850 ರೂಪಾಯಿ. ಈಗ ದಿನವೂ ಎತ್ತುವ 16 ಕೆ.ಜಿ.ಯ ಗುಂಡಿಗೆ ಕೊಟ್ಟದ್ದು 2,700 ರೂಪಾಯಿ. ಮೊದಲೇ ತಿಳಿದು ಕೊಂಡಿದ್ದರೆ ಅಷ್ಟರಲ್ಲೇ ಕೆಲಸ ಮುಗಿಯುತ್ತಿತ್ತು. ಬೀಡುಕಬ್ಬಿಣದ ಎರಕವನ್ನು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡಾಗಿರುವುದರಿಂದ ಈ ತಪ್ಪು ನನಗೆ ಹೆಚ್ಚು ನೋವು ಕೊಟ್ಟಿತು.

ನಾನು ಗಡಹಿಂಗ್ಲಜ ತಾಲ್ಲೂಕಿನ ಕನ್ನಡ ಮಾತಾಡುವ ಹಳ್ಳಿಯೊಂದರವನು. ಕೊಲ್ಲಾಪುರದ ಗೋಕುಳ ಶಿರಗಾಂವ ಕೈಗಾರಿಕಾ ವಸಾಹತಿನ ಒಂದು ಫೌಂಡ್ರಿಯಲ್ಲಿ (ಎರಕದ ಕಾರ್ಖಾನೆಯಲ್ಲಿ) ಹದಿನಾಲ್ಕು ವರ್ಷಗಳಿಂದ ತಪಾಸಣೆಯ ಕೆಲಸ ಮಾಡುತ್ತಿದ್ದೇನೆ. ದಿನವಿಡೀ ಮೇಜಿನ ಮುಂದೆ ಬಾಗಿ ನಿಂತು ಸೊಂಟ ಹಿಡಿದುಕೊಳ್ಳತೊಡಗಿದಾಗ, ಸೊಂಟವನ್ನೂ ತೊಡೆಯ ಹಿಂಭಾಗವನ್ನೂ ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವೈದ್ಯರು ಹೇಳಿದರು. ಪಾಳಿಯ ಕೆಲಸದವನಿಗೆ ಜಿಮ್ಮಿನ ವೇಳೆ ಹೊಂದುವುದಿಲ್ಲ. ಒಂದೇ ಸಲಕರಣೆಯಿಂದ, ಮನೆಯ ಪಡಸಾಲೆಯಲ್ಲಿ, ಇಪ್ಪತ್ತು ನಿಮಿಷದಲ್ಲಿ ಮುಗಿಯುವ ವ್ಯಾಯಾಮ ಎಂಬ ಕಾರಣಕ್ಕೆ ನಾನು ಕೆಟಲ್‌ಬೆಲ್ಲಿನ ಕಡೆ ತಿರುಗಿದೆ.

ಈ ವಸ್ತು ನಮ್ಮ ಸೀಮೆಯವರಿಗೆ ತೀರ ಅಪರಿಚಿತವೇನಲ್ಲ. ಸಂಗ್ರಾಣಿ ಕಲ್ಲು ಎತ್ತುವುದನ್ನು ಕಂಡವರಿಗೆ, ಕೊಲ್ಲಾಪುರದ ತಾಲೀಮುಗಳಲ್ಲಿ ಮುದ್ಗರ ತಿರುವುವವರನ್ನು ನೋಡಿದವರಿಗೆ ಇದರ ತತ್ತ್ವ ತಕ್ಷಣ ಹೊಳೆಯುತ್ತದೆ. ಭಾರ ಕೈಯೊಳಗೆ ಇರುವುದಿಲ್ಲ, ಕೈಯಿಂದ ಆಚೆ ತೂಗುತ್ತಿರುತ್ತದೆ. ರಷ್ಯಾದಲ್ಲಿ ಧಾನ್ಯ ತೂಗುವ ಬಟ್ಟಾಗಿ ಹುಟ್ಟಿದ ಇದನ್ನು ಅಲ್ಲಿ ಗಿರ್ಯಾ ಎನ್ನುತ್ತಾರೆ. ಅಲ್ಲಿಯ ಹಳೆಯ ತೂಕವಾದ ಒಂದು ಪೂದ್ ಸುಮಾರು 16.38 ಕೆ.ಜಿ. ಆಗುತ್ತದೆ. 16, 24, 32 ಎಂಬ ಇಂದಿನ ಅಳತೆಗಳು ಒಂದು, ಒಂದೂವರೆ, ಎರಡು ಪೂದ್‌ಗಳ ಲೆಕ್ಕದಿಂದಲೇ ಬಂದವು.

ನಾನು ಮೊದಲು ಕೊಂಡದ್ದು ಪ್ಲಾಸ್ಟಿಕ್ ಕವಚದೊಳಗೆ ಸಿಮೆಂಟು ತುಂಬಿದ 12 ಕೆ.ಜಿ.ಯ ಗುಂಡು. ಬೆಲೆ 900 ರೂಪಾಯಿ, ಎಂದರೆ ಕಿಲೋಗೆ 75. ಭಾರ ಯಾವುದಾದರೂ ಭಾರವೇ ತಾನೇ ಎಂದು ನಾನು ಅಂದುಕೊಂಡಿದ್ದೆ. ಆದರೆ ಬೀಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ ಇದ್ದರೆ, ಸಿಮೆಂಟು ಕಾಂಕ್ರೀಟಿನದು 2.3ರ ಆಸುಪಾಸು. ಲೆಕ್ಕ ಹಾಕಿದರೆ, 12 ಕೆ.ಜಿ. ಬೀಡನ್ನು ಚೆಂಡು ಮಾಡಿದಾಗ ಅದರ ಅಡ್ಡಳತೆ 15 ಸೆಂ.ಮೀ.ಗಿಂತ ತುಸು ಕಡಿಮೆ, ಅಷ್ಟೇ ತೂಕದ ಕಾಂಕ್ರೀಟಿನ ಚೆಂಡು 21 ಸೆಂ.ಮೀ. ದಾಟುತ್ತದೆ. ಆ ದಪ್ಪ ಗುಂಡಿಗೆ ಹಚ್ಚಿದ್ದ ಹಿಡಿಕೆ ಗಿಡ್ಡಗಿತ್ತು. ಎದೆಯ ಮಟ್ಟಕ್ಕೆ ಎತ್ತಿಕೊಂಡಾಗಲೆಲ್ಲ ಗುಂಡಿನ ಅಂಚು ನೇರವಾಗಿ ಮಣಿಕಟ್ಟಿನ ಎಲುಬಿನ ಮೇಲೆ ಕೂರುತ್ತಿತ್ತು. ಸ್ಪರ್ಧೆಗೆ ಬಳಸುವ ಉಕ್ಕಿನ ಗುಂಡುಗಳೂ 21 ಸೆಂ.ಮೀ. ದಪ್ಪವೇ ಇರುತ್ತವೆ, ಆದರೆ ಅವುಗಳ ಹಿಡಿಕೆಯ ಎತ್ತರ ಅದಕ್ಕೆ ತಕ್ಕಂತೆ ಇರುವುದರಿಂದ ಗುಂಡು ಮಣಿಕಟ್ಟನ್ನು ಬಿಟ್ಟು ಮುಂಗೈಯ ಮೇಲೆ ಒರಗುತ್ತದೆ. ನನ್ನ ಪ್ಲಾಸ್ಟಿಕ್ ಗುಂಡು ಐದನೆಯ ತಿಂಗಳಲ್ಲಿ ತಳದ ಹೊಲಿಗೆಯಲ್ಲಿ ಬಿಟ್ಟುಕೊಂಡಿತು. ಒಂದು ಬೆಳಿಗ್ಗೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಬೂದಿಬಣ್ಣದ ಪುಡಿಯ ಗೆರೆ ಕಂಡಾಗ ಅದನ್ನು ಹೊರಗಿಟ್ಟೆ.

ಎರಡನೆಯದನ್ನು ಮೊಬೈಲಿನಲ್ಲಿ ನೋಡಿ ತರಿಸಿದೆ. 16 ಕೆ.ಜಿ., ಬೀಡಿನದು, 1,950 ರೂಪಾಯಿ. ಚಿತ್ರದಲ್ಲಿ ಕನ್ನಡಿಯಂತೆ ಹೊಳೆಯುವ ಕಪ್ಪು ಬಣ್ಣ. ಪೆಟ್ಟಿಗೆ ಬಿಚ್ಚಿದ ಸಂಜೆಯೇ ಓಣಿಯ ಕಾಳಿನ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ನೋಡಿದರೆ 14 ಕಿಲೋ 900 ಗ್ರಾಂ. ಮರುದಿನ ಅದನ್ನು ಕೆಲಸಕ್ಕೆ ಒಯ್ದು ಎರಕವನ್ನು ಉಜ್ಜಿ ನುಣುಪು ಮಾಡುವ ಫೆಟ್ಲಿಂಗ್ ವಿಭಾಗದ ಹಿರಿಯರೊಬ್ಬರ ಮುಂದಿಟ್ಟೆ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಅವರು ಹಿಡಿಕೆಯೊಳಗೆ ನಾಲ್ಕು ಬೆರಳು ತೂರಿಸಿ ಒಮ್ಮೆ ಎಳೆದು, ಕಣ್ಣು ಮುಚ್ಚಿಕೊಂಡೇ ಹೇಳಿದರು: “ತಮ್ಮಾ, ಇದರ ಒಳಮಗ್ಗಲಿಗೆ ಯಾರೂ ಕಾನಸ ಹಚ್ಚೇ ಇಲ್ಲಲೋ. ಮ್ಯಾಲಷ್ಟ ಬಣ್ಣಾ ಬಳದಾರ.”

ಕಾಕಾ ಅಂದದ್ದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಈ ವಸ್ತುವಿನ ಬೆಲೆಯ ಗುಟ್ಟು ಬಹುಮಟ್ಟಿಗೆ ಅಲ್ಲಿಯೇ ಇದೆ. ಮರಳಿನ ಅಚ್ಚು ಎರಡು ಹೋಳುಗಳಾಗಿರುತ್ತದೆ. ಎರಡನ್ನೂ ಕೂಡಿಸಿ ಕರಗಿದ ಬೀಡನ್ನು ಹೊಯ್ದಾಗ, ಹೋಳುಗಳು ಸೇರುವ ಜಾಗದಲ್ಲಿ ಲೋಹ ಸ್ವಲ್ಪ ಹೊರಚೆಲ್ಲಿ ತೆಳುವಾದ ಏಣು ನಿಲ್ಲುತ್ತದೆ. ಕೆಟಲ್‌ಬೆಲ್ಲಿನಲ್ಲಿ ಈ ಏಣು ಸಾಮಾನ್ಯವಾಗಿ ಗುಂಡಿನ ಸುತ್ತ ಹಾಯ್ದು, ಹಿಡಿಕೆಯ ಹೊರಮಗ್ಗಲಿಗೂ ಒಳಮಗ್ಗಲಿಗೂ ಏರುತ್ತದೆ. ಹೊರಮಗ್ಗಲನ್ನು ದೊಡ್ಡ ಸಾಣೆಗಲ್ಲಿಗೆ ಹಿಡಿದರೆ ನಿಮಿಷದೊಳಗೆ ನುಣುಪಾಗುತ್ತದೆ. ಒಳಮಗ್ಗಲಿಗೆ ಆ ಕಲ್ಲು ಹೋಗುವುದಿಲ್ಲ, ಸಣ್ಣ ಗ್ರೈಂಡರನ್ನೋ ಕಾನಸನ್ನೋ (ಅರವನ್ನೋ) ತೂರಿಸಿ ಮನುಷ್ಯನೇ ಕೂತು ಉಜ್ಜಬೇಕು. ಆ ಕೂಲಿಯನ್ನು ಉಳಿಸಿದ ತಯಾರಕನ ಗುಂಡು ಅಗ್ಗವಾಗುತ್ತದೆ. ಆದರೆ ಬೆರಳುಗಳು ಗಂಟು ಹಾಕಿಕೊಳ್ಳುವುದು ಆ ಒಳಮಗ್ಗಲಿನ ಮೇಲೆಯೇ. ಗುಂಡನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬೀಸುವುದಕ್ಕೆ ಸ್ವಿಂಗ್ ಎನ್ನುತ್ತಾರೆ. ನೂರು ಸ್ವಿಂಗ್ ಮಾಡಿದರೆ ಆ ಏಣು ಅಂಗೈಯ ಚರ್ಮವನ್ನು ನೂರು ಸಲ ಗೀರುತ್ತದೆ.

ಏಣು ಒಂದೇ ಆಗಿದ್ದರೆ ನಾನೇ ಉಜ್ಜಿಕೊಳ್ಳುತ್ತಿದ್ದೆ. ವರ್ನಿಯರ್ ಹಚ್ಚಿ ನೋಡಿದಾಗ ಹಿಡಿಕೆಯ ದಪ್ಪ ಒಂದು ದಿಕ್ಕಿನಲ್ಲಿ 31 ಮಿ.ಮೀ., ಅಡ್ಡಲಾಗಿ ಅಳೆದರೆ 35 ಮಿ.ಮೀ. ಬಂತು. ಅಚ್ಚಿನ ಎರಡು ಹೋಳುಗಳು ಸರಿಯಾಗಿ ಕೂಡದೆ ಪಕ್ಕಕ್ಕೆ ಸರಿದಿದ್ದವು. ನಾವು ಇದನ್ನು ಶಿಫ್ಟ್ ಎನ್ನುತ್ತೇವೆ. ಹೀಗೆ ಸರಿದಾಗ ನಿಲ್ಲುವುದು ಏಣಲ್ಲ, ಮೆಟ್ಟಿಲು. ಅದನ್ನು ಉಜ್ಜಿ ತೆಗೆಯಹೋದರೆ ಹಿಡಿಕೆಯೇ ಸವೆಯಬೇಕು. ಇನ್ನು ಹಿಡಿಕೆಯ ಬುಡದಲ್ಲಿ, ಅದು ಗುಂಡಿನಿಂದ ಹೊರಡುವ ಕೊಂಬಿನ ಬಳಿ, ಜೇಬಿನಲ್ಲಿದ್ದ ಸಣ್ಣ ಅಯಸ್ಕಾಂತವನ್ನು ಹಿಡಿದೆ. ಬೇರೆಲ್ಲ ಕಡೆ ಟಕ್ಕನೆ ಕಚ್ಚಿಕೊಳ್ಳುತ್ತಿದ್ದ ಅದು ಅಲ್ಲಿ ಒಂದು ಬೆರಳಿನ ಅಗಲದಷ್ಟು ಜಾಗದಲ್ಲಿ ಜಾರಿ ಬಿತ್ತು. ಮೊಳೆಯಿಂದ ಗೀರಿದಾಗ ಬಣ್ಣದ ಕೆಳಗಿನಿಂದ ಹಳದಿ ಪುಟ್ಟಿ ಉದುರಿ, ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಆದ ತೂತು ಕಂಡಿತು. ಬೀಡು ಒತ್ತಡವನ್ನು ತಾಳುತ್ತದೆ, ಎಳೆತವನ್ನು ಅಷ್ಟಾಗಿ ತಾಳುವುದಿಲ್ಲ, ಬಾಗದೆ ಮುರಿಯುವ ಲೋಹ ಅದು. ಸ್ವಿಂಗಿನ ಎಳೆತವೆಲ್ಲ ಬೀಳುವ ಕೊಂಬಿನಲ್ಲಿಯೇ ತೂತಿರುವ ಗುಂಡನ್ನು ನಾನು ಮಕ್ಕಳು ಓಡಾಡುವ ಮನೆಯಲ್ಲಿ ಬೀಸಲಾರೆ. ಮರಳಿಸುತ್ತೇನೆಂದರೆ ಸಾಗಣೆಯ ಖರ್ಚು ನಿಮ್ಮದೇ ಎಂದು ಮಾರಿದವರು ತಿಳಿಸಿದರು. ಆ ಖರ್ಚು ಲೆಕ್ಕ ಹಾಕಿ ಸುಮ್ಮನಾದೆ. ಈಗ ಅದು ನಮ್ಮ ಕಬ್ಬಿನ ಟ್ರಾಲಿಯ ಗಾಲಿಗೆ ಅಡ್ಡಕೊಡುವ ಭಾರವಾಗಿದೆ.

ನಮ್ಮ ಫೌಂಡ್ರಿಯಲ್ಲೇ ಒಂದನ್ನು ಹೊಯ್ಯಿಸಬಾರದೇ ಎಂದು ಆಗ ಗೆಳೆಯರು ಕೇಳಿದರು, ನನಗೂ ಆ ಆಸೆ ಇತ್ತು. ಆದರೆ ಒಂದೇ ಎರಕಕ್ಕಾಗಿ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಮಾಡಿಸುವ ಖರ್ಚು ಮೂರು ಗುಂಡುಗಳ ಬೆಲೆಯನ್ನು ಮೀರುತ್ತಿತ್ತು. ಪ್ಯಾಟರ್ನಿನ ಖರ್ಚು ಸಾವಿರ ನಗಗಳ ಮೇಲೆ ಹಂಚಿದಾಗ ಮಾತ್ರ ಎರಕ ಅಗ್ಗವಾಗುತ್ತದೆ. ಆ ವಿಚಾರವನ್ನು ಅಲ್ಲಿಗೇ ಬಿಟ್ಟೆ.

ಮೂರನೆಯದನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿಯೇ ಕೊಳ್ಳಬೇಕೆಂದು ನಿಶ್ಚಯಿಸಿ, ಒಂದು ರಜೆಯ ದಿನ ಕೊಲ್ಲಾಪುರದ ಕ್ರೀಡಾ ಸಾಮಗ್ರಿಗಳ ಅಂಗಡಿಗೆ ಹೋದೆ. ಜೇಬಿನಲ್ಲಿ ಹಳೆಯ ತೆಳು ಹತ್ತಿಯ ಕರವಸ್ತ್ರ, ಅಯಸ್ಕಾಂತ, ವರ್ನಿಯರ್ ಇದ್ದವು. ಅಂಗಡಿಯಲ್ಲಿ 16 ಕೆ.ಜಿ.ಯವು ಆರು ಇದ್ದವು. ಒಂದೇ ತಯಾರಿಕೆ, ಒಂದೇ ಬೆಲೆ. ಆದರೂ ಆರೂ ಒಂದೇ ಥರ ಇರಲಿಲ್ಲ, ಮರಳಿನ ಎರಕದಲ್ಲಿ ಹಾಗೆ ಇರುವುದೂ ಇಲ್ಲ. ಮೊದಲು ಕರವಸ್ತ್ರವನ್ನು ಪ್ರತಿಯೊಂದರ ಹಿಡಿಕೆಯ ಒಳಮಗ್ಗಲಿಗೆ ಸುತ್ತಿ ಎಳೆದೆ. ಎರಡರಲ್ಲಿ ನೂಲು ಸಿಕ್ಕಿ ಕರವಸ್ತ್ರ ಹರಿಯಿತು, ಮೂರರಲ್ಲಿ ತಡೆತಡೆದು ಬಂತು, ಒಂದರಲ್ಲಿ ಸಲೀಸಾಗಿ ಜಾರಿತು. ಸಲೀಸಾಗಿ ಜಾರಿದ್ದನ್ನೇ ಎತ್ತಿಕೊಳ್ಳಬೇಕೆಂದಿದ್ದೆ. ಆದರೆ ನೆಲದ ಮೇಲಿಟ್ಟು ಅಂಗೈಯಿಂದ ಒತ್ತಿದರೆ ಅದು ಕುಲುಕಾಡುತ್ತಿತ್ತು, ತಳವನ್ನು ಸಮ ಮಾಡಿರಲಿಲ್ಲ. ನೆಲಕ್ಕೂರಿದ ಗುಂಡಿನ ಮೇಲೆ ಕೈಯಿಟ್ಟು ಮೈಭಾರ ಹಾಕುವ ವ್ಯಾಯಾಮಗಳಿಗೆ ಅದು ಅಪಾಯ. ಕೊನೆಗೆ ತಡೆತಡೆದು ಬಂದ ಮೂರರಲ್ಲಿ ಒಂದನ್ನು ಆರಿಸಿದೆ. ಅದರ ಹಿಡಿಕೆ ಯಾವ ಕಡೆ ಅಳೆದರೂ 33ರಿಂದ 34 ಮಿ.ಮೀ. ಇತ್ತು, ಅಯಸ್ಕಾಂತ ಎಲ್ಲೆಡೆ ಕಚ್ಚಿತು, ತಳ ಸಮನಾಗಿ ಕೂತಿತು, ಬೀಗದ ಕೈಯಿಂದ ತಟ್ಟಿದಾಗ ಒಡಕು ಗಡಿಗೆಯ ಸದ್ದು ಬರಲಿಲ್ಲ. ಹಿಡಿಕೆಯೊಳಗೆ ಕೈ ತೂರಿಸಿ ಎತ್ತಿಕೊಂಡಾಗ ಮಣಿಕಟ್ಟು ನೆಟ್ಟಗೆ ನಿಂತಿತು. ಹಿಡಿಕೆಗೂ ಗುಂಡಿಗೂ ನಡುವಿನ ಕಿಂಡಿಯ ಎತ್ತರ 56 ಮಿ.ಮೀ. ಇದ್ದು ನನ್ನ ಕೈಗೆ ಸಾಕಾಯಿತು. “ಬಣ್ಣಾ ಚಲೋ ಇರೋದ ಬಿಟ್ಟು ಇದನ್ಯಾಕ ತಗೋತೀರಿ ಸರ್?” ಎಂದು ಅಂಗಡಿಯವರು ಬೆರಗಾಗಿ ಕೇಳಿದರು.

ಬಣ್ಣವನ್ನೂ ಏಣನ್ನೂ ನಾನು ಮನೆಯಲ್ಲಿ ತೆಗೆಯಬಲ್ಲೆ. ಶಿಫ್ಟನ್ನು, ತೂತನ್ನು, ಇಕ್ಕಟ್ಟಾದ ಕಿಂಡಿಯನ್ನು, ಬೆಸುಗೆ ಹಾಕಿ ಅಂಟಿಸಿದ ಹಿಡಿಕೆಯನ್ನು ಸರಿಪಡಿಸಲಾರೆ. ಹಣ ಕೊಡುವಾಗ ನಾನು ಈ ಎರಡನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತೇನೆ: ಮೊದಲನೆಯವುಗಳ ಸಲುವಾಗಿ ಬೆಲೆ ಇಳಿದಿದ್ದರೆ ಸಂತೋಷದಿಂದ ಕೊಳ್ಳುತ್ತೇನೆ, ಎರಡನೆಯವುಗಳಲ್ಲಿ ಒಂದಿದ್ದರೂ ಅರ್ಧ ಬೆಲೆಗೂ ಮುಟ್ಟುವುದಿಲ್ಲ.

ಅದೇ ಅಂಗಡಿಯಲ್ಲಿ ಸ್ಪರ್ಧೆಯ ಮಾದರಿಯ ಉಕ್ಕಿನ 16 ಕೆ.ಜಿ. ಗುಂಡೂ ಇತ್ತು, ನಿಯಮದಂತೆ ಹಳದಿ ಬಣ್ಣದ್ದು. 24ಕ್ಕೆ ಹಸಿರು, 32ಕ್ಕೆ ಕೆಂಪು ಬಣ್ಣ ಇರುತ್ತದೆ. ಬೆಲೆ 5,800 ಎಂದರು. ಅದರ ಹಿಡಿಕೆ ಮುಟ್ಟಿದಾಗ ಮನಸ್ಸು ಜಗ್ಗಿದ್ದು ನಿಜ. ತೂಕ ಏನೇ ಇರಲಿ ಹೊರ ಅಳತೆ ಒಂದೇ ಇರುವುದು ಅದರ ಹೆಚ್ಚುಗಾರಿಕೆ. ಹತ್ತು ನಿಮಿಷ ಕೆಳಗಿಡದೆ ಎತ್ತುವ ಸ್ಪರ್ಧಿಗಳಿಗೆ ಭಾರ ಏರಿಸಿದಾಗ ಕೈಯ ಅಭ್ಯಾಸ ಬದಲಾಗುವುದಿಲ್ಲ. ನನ್ನ ವ್ಯಾಯಾಮದ ಮುಕ್ಕಾಲು ಪಾಲು ಎರಡೂ ಕೈಯಿಂದ ಮಾಡುವ ಸ್ವಿಂಗ್. ಸ್ಪರ್ಧೆಯ ಗುಂಡಿನ ಹಿಡಿಕೆ ಅಗಲದಲ್ಲಿ ಕಿರಿದಾಗಿರುವುದರಿಂದ ನನ್ನ ಎರಡು ಕೈಗಳು ಅದರೊಳಗೆ ಇಕ್ಕಟ್ಟಿನಲ್ಲಿ ಸಿಲುಕಿದವು. ದುಪ್ಪಟ್ಟು ಬೆಲೆ ಕೊಟ್ಟು ನನಗೆ ಬೇಡದ ಗುಣವನ್ನು ಕೊಳ್ಳುವುದು ಸರಿ ಕಾಣಲಿಲ್ಲ. ಬಿಲ್ಲೆಗಳನ್ನು ಸೇರಿಸಿ ತೂಕ ಬದಲಿಸುವ ಗುಂಡುಗಳನ್ನೂ ತೋರಿಸಿದರು, ಬೀಸಿದಾಗ ಒಳಗೆ ಸದ್ದು ಮಾಡುತ್ತಿದ್ದುದರಿಂದ ಅವುಗಳ ಮೇಲೆ ನನಗೆ ಭರವಸೆ ಹುಟ್ಟಲಿಲ್ಲ.

ಮನೆಗೆ ತಂದು ಮೊದಲು ತೂಗಿದೆ: 15 ಕಿಲೋ 800 ಗ್ರಾಂ. ಇಷ್ಟು ವ್ಯತ್ಯಾಸ ನನಗೆ ಒಪ್ಪಿಗೆ. ಅರ್ಧದುಂಡು ಕಾನಸಿನಿಂದ ಒಳಮಗ್ಗಲಿನ ಏಣನ್ನು ಹಿಡಿಕೆಯ ಉದ್ದಕ್ಕೆ ಉಜ್ಜಿದೆ, ಅಡ್ಡಲಾಗಿ ಉಜ್ಜಿದರೆ ಗುಣಿ ಬೀಳುತ್ತದೆ. ನಲವತ್ತು ನಿಮಿಷ ಹಿಡಿಯಿತು. ನಂತರ 80, 120, 220 ನಂಬರಿನ ಎಮರಿ ಪೇಪರನ್ನು ಪಟ್ಟಿ ಮಾಡಿ, ಬೂಟು ಪಾಲಿಶ್ ಮಾಡುವ ಹಾಗೆ ಎರಡೂ ತುದಿ ಹಿಡಿದು ಎಳೆದಾಡಿ ಹಿಡಿಕೆಯ ಹೊಳಪು ಬಣ್ಣವನ್ನೆಲ್ಲ ತೆಗೆದೆ. ಹೊಳಪು ಬಣ್ಣ ಬೆವರಿಗೆ ಜಾರುತ್ತದೆ. ತೀರ ನುಣುಪು ಮಾಡದೆ 220ಕ್ಕೆ ನಿಲ್ಲಿಸಿದ್ದರಿಂದ ಬೆರಳಿಗೆ ಹಿಡಿತ ಉಳಿಯಿತು.

ಬರಿಯ ಬೀಡನ್ನು ಹಾಗೇ ಬಿಟ್ಟರೆ ಮಿರಗದ ಮಳೆ ಹಿಡಿಯುತ್ತಲೇ ತುಕ್ಕು ಏರುತ್ತದೆ. ಅದಕ್ಕೆ ನನ್ನ ಹೆಂಡತಿ ಹೇಳಿದ ಉಪಾಯ, ಬೀಡಿನ ತವೆಯನ್ನು ಹದ ಮಾಡುವಂತೆ ಎಣ್ಣೆ ಹಚ್ಚುವುದು. ಅಗಸಿ ಎಣ್ಣೆ ಒಣಗಿ ಪೊರೆ ಕಟ್ಟುವ ಜಾತಿಯದು. ನಾಲ್ಕೇ ಹನಿ ಹಚ್ಚಿ, ಒಣ ಬಟ್ಟೆಯಿಂದ ಎಲ್ಲವನ್ನೂ ಒರೆಸಿ ತೆಗೆದಂತೆ ಮಾಡಿ, ಬಿಸಿಲಿಗಿಟ್ಟು, ನಾಲ್ಕಾರು ದಿನಕ್ಕೊಮ್ಮೆ ಮತ್ತೆ ಹಚ್ಚಿ, ಹೀಗೆ ನಾಲ್ಕು ಸಲ ಮಾಡಿದೆ. ದಪ್ಪ ಹಚ್ಚಿದರೆ ಅಂಟಂಟಾಗಿ ಉಳಿಯುತ್ತದೆ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ನಾನು ಅದನ್ನು ಹರವಿ ಬಯಲಲ್ಲಿ ಒಣಗಿಸಿ ಆಮೇಲೆ ಬಿಸಾಡಿದೆ. ಕೆಳಗೆ ಹಾಸಲು ಎತ್ತಿನ ಕೊಟ್ಟಿಗೆಗೆ ತಂದಿದ್ದ ರಬ್ಬರ್ ಚಾಪೆಯ ಉಳಿದ ತುಂಡು ಒದಗಿತು. ವ್ಯಾಯಾಮದ ಚಾಪೆಯೆಂದು ಮಾರುವುದಕ್ಕಿಂತ ಅದು ದಪ್ಪ.

ನಾಲ್ಕನೆಯ ಗುಂಡು ಹೆಂಡತಿಗಾಗಿ. ಹೊಸದಾಗಿ ಶುರು ಮಾಡುವ ಗಂಡಸರಿಗೆ 16, ಹೆಂಗಸರಿಗೆ 8 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ದಿನವೂ ಎರಡು ಕೊಡ ನೀರು ಹೊತ್ತು ಹೊಲದ ಕೆಲಸ ಮಾಡಿದವಳಿಗೆ 8 ಕೆ.ಜಿ. ಎರಡೇ ವಾರದಲ್ಲಿ ಹಗುರವಾಗುತ್ತದೆಂದು ನೇರವಾಗಿ 12ನ್ನೇ ಆರಿಸಿದೆವು, 2,100 ರೂಪಾಯಿ. ಈ ಸಲ ಕರವಸ್ತ್ರ ಎಳೆದವಳು ಅವಳೇ. ಅವಳ ಕೈ ಸಣ್ಣದು, ಆದ್ದರಿಂದ ಹಿಡಿಕೆಯ ದಪ್ಪ 30 ಮಿ.ಮೀ. ಇರುವುದನ್ನು ಹುಡುಕಲು ಮೂರು ಅಂಗಡಿ ತಿರುಗಿದೆವು. ಎರಡನೆಯ ಅಂಗಡಿಯಲ್ಲಿ 300 ರೂಪಾಯಿ ಕಡಿಮೆಗೆ ಇನ್ನೊಂದಿತ್ತು. ಅದರ ಹಿಡಿಕೆಯ ಮೂಲೆಯಲ್ಲಿ ಬೆಸುಗೆಯ ಗಂಟು ಹೆಬ್ಬೆರಳಿನ ಸಂದಿಗೆ ಚುಚ್ಚುತ್ತಿತ್ತು, ಅವಳು ಎತ್ತಿ ನೋಡಿ ಮಾತಾಡದೆ ಕೆಳಗಿಟ್ಟಳು.

ಈಗ ನನಗೆ 24 ಕೆ.ಜಿ.ಯ ಗುಂಡು ಬೇಕಾಗಿದೆ. ಕಳೆದ ತಿಂಗಳು ಇಚಲಕರಂಜಿಯಲ್ಲಿ ಮುಚ್ಚಿದ ಜಿಮ್ಮೊಂದರ ಸಾಮಾನು ಮಾರಾಟಕ್ಕಿದೆಯೆಂದು ತಿಳಿದು ಹೋಗಿ ನೋಡಿಬಂದೆ. ಅಲ್ಲಿದ್ದ 24 ಕೆ.ಜಿ.ಯ ಗುಂಡಿಗೆ ತುಕ್ಕು ಹಿಡಿದಿತ್ತು, ಬಣ್ಣ ಹೋಗಿತ್ತು, ತಳ ಸಮನಾಗಿತ್ತು, ಅಯಸ್ಕಾಂತ ಎರಡೂ ಕೊಂಬುಗಳಲ್ಲಿ ಗಟ್ಟಿಯಾಗಿ ಕಚ್ಚಿತು. ತುಕ್ಕಿನ ಹೆಸರು ಹೇಳಿ ಅವರು 2,200ಕ್ಕೆ ಇಳಿದಿದ್ದಾರೆ. ಬರುವ ರಜೆಯ ದಿನ ತಂತಿಯ ಬ್ರಷ್ಷಿನೊಂದಿಗೆ ಹೋಗಿ, ಅವರ ಮುಂದೆಯೇ ಹಿಡಿಕೆಯ ಒಳಮಗ್ಗಲನ್ನು ತಿಕ್ಕಿ ನೋಡಿ, ಕೆಳಗೆ ಬಿರುಕಿಲ್ಲದಿದ್ದರೆ ಹಣ ಕೊಟ್ಟು ತರುತ್ತೇನೆ.