ಒಂದು ಪಂದ್ಯಕ್ಕೆ ಎರಡು ಸಾಲು: ಮಹಿಳಾ ಫುಟ್‌ಬಾಲ್ ದಾಖಲೆ ಪಟ್ಟಿ ನಾನು ಮಾಡಿದ ರೀತಿ

ನಾನು ಬೆಂಗಳೂರಿನಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಇವರಿಗೆ ಬ್ರೆಜಿಲ್‌ನ ಮಾರ್ತಾ ಗೊತ್ತು, ಸ್ಪೇನ್‌ನ ಐತಾನಾ ಬೊನ್ಮಾಟಿ ಗೊತ್ತು, ಆಸ್ಟ್ರೇಲಿಯಾದ ಸ್ಯಾಮ್ ಕೆರ್ ಗೊತ್ತು. ಆದರೆ ಭಾರತದ ಮಹಿಳಾ ತಂಡ ಏಷ್ಯಾ ಮಟ್ಟದ ಫೈನಲ್ ಎರಡು ಸಲ ಆಡಿದೆ ಅಂದರೆ ನಂಬುವುದಿಲ್ಲ. "ನಿಜವಾಗ್ಲೂ ಮೇಡಂ? ಯಾವಾಗ? ಸ್ಕೋರ್ ಎಷ್ಟು?" ಎಂದು ಕೇಳುತ್ತಾರೆ. ಸುಮ್ನೆ ಹೇಳಿದರೆ ಸಾಲದು, ತೋರಿಸಬೇಕು ಅನ್ನಿಸಿತು. ಸಿಗುವ ಪಟ್ಟಿಗಳಲ್ಲಿ ಹೆಚ್ಚಾಗಿ ಚಾಂಪಿಯನ್ ಯಾರು, ರನ್ನರ್ಸ್ ಅಪ್ ಯಾರು ಅಂತ ಮಾತ್ರ ಇರುತ್ತದೆ. ನನಗೆ ಬೇಕಾಗಿದ್ದು ಒಂದೊಂದು ದೇಶದ ಪೂರ್ತಿ ಲೆಕ್ಕ. ಎಷ್ಟು ಆಡಿದರು, ಎಷ್ಟು ಗೆದ್ದರು, ಎಷ್ಟು ಡ್ರಾ, ಎಷ್ಟು ಸೋಲು, ಹೊಡೆದ ಗೋಲು, ಬಿಟ್ಟ ಗೋಲು. ಅದಕ್ಕೆ ನಾನೇ ಕೂತು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದೆ.

ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಮೊದಲು ಹೇಳಬೇಕಾದ ಮಾತು ಇದು. ದೇಶದ ಹೆಸರು ಬರೆದು ಮುಂದೆ ಒಟ್ಟು ಸಂಖ್ಯೆ ತುಂಬಲು ಹೋಗಬೇಡಿ. ಪಂದ್ಯದಿಂದ ಶುರು ಮಾಡಿ. ನಾನು ಒಂದೊಂದು ಪಂದ್ಯವನ್ನೂ ಎರಡು ಸಾಲಿನಲ್ಲಿ ಬರೆದೆ, ಎರಡೂ ತಂಡಗಳ ಕಡೆಯಿಂದ. ವರ್ಷ, ಟೂರ್ನಿ, ಹಂತ, ತಂಡ, ಎದುರಾಳಿ, ಹೊಡೆದ ಗೋಲು, ಬಿಟ್ಟ ಗೋಲು. ಒಟ್ಟು ಲೆಕ್ಕವನ್ನು ಪಿವೋಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಕೂಡಿಸುವ ಎಕ್ಸೆಲ್ ಸೌಲಭ್ಯ) ತಾನೇ ಕೊಡುತ್ತದೆ. ಇದರ ದೊಡ್ಡ ಅನುಕೂಲ ಅಂದರೆ ತಾಳೆ ನೋಡುವುದು ಸುಲಭ. ಎಲ್ಲ ತಂಡಗಳ ಗೆಲುವು ಕೂಡಿದರೆ ಎಲ್ಲ ತಂಡಗಳ ಸೋಲಿಗೆ ಸಮ ಆಗಬೇಕು. ಹೊಡೆದ ಗೋಲಿನ ಮೊತ್ತ, ಬಿಟ್ಟ ಗೋಲಿನ ಮೊತ್ತ ಎರಡೂ ಒಂದೇ ಇರಬೇಕು. ಡ್ರಾಗಳ ಮೊತ್ತ ಯಾವಾಗಲೂ ಸಮಸಂಖ್ಯೆ. ಈ ಮೂರರಲ್ಲಿ ಒಂದು ತಪ್ಪಿದರೂ ಎಲ್ಲೋ ಒಂದು ಸಾಲು ಸರಿಯಿಲ್ಲ ಅಂತ ಗೊತ್ತಾಗುತ್ತದೆ.

ಮೊದಲು ವಿಶ್ವಕಪ್ ತೆಗೆದುಕೊಂಡೆ. 1991ರಿಂದ 2023ರವರೆಗೆ ಒಂಬತ್ತು ಟೂರ್ನಿ, ಎಲ್ಲ ಪಂದ್ಯಗಳ ವಿವರವೂ ಸ್ಪಷ್ಟವಾಗಿ ಸಿಗುತ್ತದೆ. ಇಲ್ಲಿ ಒಂದು ಸ್ವಾರಸ್ಯ ಇದೆ. 1991ರಲ್ಲಿ 26 ಪಂದ್ಯ, 99 ಗೋಲು. 1995ರಲ್ಲೂ 26 ಪಂದ್ಯ, 99 ಗೋಲು! 2015ರಲ್ಲಿ 52 ಪಂದ್ಯ, 146 ಗೋಲು. 2019ರಲ್ಲೂ ಅಷ್ಟೇ. ನೋಡಿದವರಿಗೆ ಕಾಪಿ-ಪೇಸ್ಟ್ ಆಗಿದೆ ಅನ್ನಿಸುತ್ತದೆ, ಆದರೆ ಸಂಖ್ಯೆಗಳು ಸರಿಯಾಗಿಯೇ ಇವೆ. ಪಂದ್ಯ ಪಂದ್ಯವಾಗಿ ಬರೆದುಕೊಂಡಿದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ.

ನಿಜವಾಗಿ ತಲೆ ಕೆಡಿಸಿದ್ದು ಪೆನಾಲ್ಟಿ ಶೂಟೌಟ್, ಅಂದರೆ ಸಮವಾಗಿ ಮುಗಿದ ಪಂದ್ಯದಲ್ಲಿ ಸರದಿಯಂತೆ ಪೆನಾಲ್ಟಿ ಒದ್ದು ಮುಂದೆ ಹೋಗುವವರನ್ನು ನಿರ್ಧರಿಸುವುದು. ಶೂಟೌಟ್‌ನಲ್ಲಿ ಮುಗಿದ ಪಂದ್ಯವನ್ನು ದಾಖಲೆಯಲ್ಲಿ ಡ್ರಾ ಎಂದೇ ಬರೆಯುತ್ತಾರೆ. ಹೆಚ್ಚುವರಿ ಅವಧಿಯಲ್ಲಿ ಗೋಲು ಬಂದರೆ ಅದು ಗೆಲುವು. ನಿಯಮ ಸರಳವಾಗಿಯೇ ಇದೆ ಅಲ್ವಾ? ಆದರೆ ಅದನ್ನು ಹಾಕಿ ನೋಡಿದಾಗ ಪಟ್ಟಿಯ ಮುಖವೇ ಬದಲಾಗುತ್ತದೆ.

1999ರ ವಿಶ್ವಕಪ್ ನೋಡಿ. ಪಾಸಡೀನಾದ ರೋಸ್ ಬೌಲ್‌ನಲ್ಲಿ 90,185 ಜನರ ಮುಂದೆ ಅಮೆರಿಕ ಮತ್ತು ಚೀನಾ ಫೈನಲ್ ಆಡಿದವು. ಗೋಲು ಬರಲಿಲ್ಲ. ಶೂಟೌಟ್‌ನಲ್ಲಿ ಅಮೆರಿಕ 5-4ರಿಂದ ಕಪ್ ಎತ್ತಿತು. ಈಗ ಸಾಲು ಬರೆಯೋಣ. ಅಮೆರಿಕ: 6 ಪಂದ್ಯ, 5 ಗೆಲುವು, 1 ಡ್ರಾ, ಸೋಲಿಲ್ಲ, 18 ಗೋಲು ಹೊಡೆದು 3 ಬಿಟ್ಟಿತು. ಚೀನಾ: 6 ಪಂದ್ಯ, 5 ಗೆಲುವು, 1 ಡ್ರಾ, ಸೋಲಿಲ್ಲ, 19 ಹೊಡೆದು ಬರೀ 2 ಬಿಟ್ಟಿತು. ಲೆಕ್ಕದಲ್ಲಿ ಚೀನಾವೇ ಮೇಲೆ! ಘಾನಾಗೆ 7, ಸೆಮಿಫೈನಲ್‌ನಲ್ಲಿ ಹಿಂದಿನ ಚಾಂಪಿಯನ್ ನಾರ್ವೆಗೆ 5 ಹೊಡೆದ ತಂಡ ಅದು. ಹೆಸರಾಂತ ಆಟಗಾರ್ತಿ ಸುನ್ ವೆನ್ ಇದ್ದ ತಂಡ. ಒಂದೂ ಪಂದ್ಯ ಸೋಲದೆ, ಚಾಂಪಿಯನ್‌ಗಿಂತ ಒಳ್ಳೆಯ ಗೋಲು ವ್ಯತ್ಯಾಸ ಇಟ್ಟುಕೊಂಡು ಎರಡನೇ ಸ್ಥಾನ. ಈ ಸಾಲನ್ನು ಹುಡುಗಿಯರಿಗೆ ತೋರಿಸಿದಾಗ ಎಲ್ಲರೂ ಸ್ವಲ್ಪ ಹೊತ್ತು ಚೀನಾದ ಕಡೆ ಆಗಿಬಿಟ್ಟರು.

2025ರ ಯುರೋದಲ್ಲಿ (ಯುರೋಪಿನ ದೇಶಗಳ ಟೂರ್ನಿ) ಇದೇ ಮತ್ತೆ ಬಂತು, ಇನ್ನೂ ಜೋರಾಗಿ. ಚಾಂಪಿಯನ್ ಇಂಗ್ಲೆಂಡ್ ಆರು ಪಂದ್ಯಗಳಲ್ಲಿ ಗೆದ್ದದ್ದು ಮೂರು ಮಾತ್ರ. ಫ್ರಾನ್ಸ್‌ಗೆ ಸೋತಿತು, ಸ್ವೀಡನ್ ಜೊತೆ 2-2, ಫೈನಲ್‌ನಲ್ಲಿ ಸ್ಪೇನ್ ಜೊತೆ 1-1, ಎರಡೂ ಶೂಟೌಟ್. ಸ್ಪೇನ್ ಐದು ಗೆದ್ದು ಒಂದು ಡ್ರಾ ಮಾಡಿಕೊಂಡು, ಸೋಲೇ ಇಲ್ಲದೆ ಮನೆಗೆ ಹೋಯಿತು. 2011ರಲ್ಲಿ ವಿಶ್ವಕಪ್ ಗೆದ್ದ ಜಪಾನ್ ಕೂಡ ಗುಂಪು ಹಂತದಲ್ಲಿ ಇಂಗ್ಲೆಂಡ್‌ಗೆ 0-2 ಸೋತಿತ್ತು. ಅದರ ಸಾಲು 4 ಗೆಲುವು, 1 ಡ್ರಾ, 1 ಸೋಲು.

ಹಾಗಾಗಿ ನಾನು "ಫಲಿತಾಂಶ" ಅನ್ನುವ ಒಂದೇ ಕಾಲಂ ಇಡಲಿಲ್ಲ. ಎರಡು ಇಟ್ಟೆ. ಒಂದರಲ್ಲಿ ಗೆಲುವು, ಡ್ರಾ, ಸೋಲು. ಇನ್ನೊಂದರಲ್ಲಿ ಮುಂದಿನ ಹಂತಕ್ಕೆ ಹೋದವರು ಅಥವಾ ಕಪ್ ಪಡೆದವರು ಯಾರು ಅಂತ. ಇದಿಲ್ಲದಿದ್ದರೆ ಅಮೆರಿಕದ ಸಾಲು ಓದಲೂ ಆಗುವುದಿಲ್ಲ. ಒಂಬತ್ತು ವಿಶ್ವಕಪ್‌ಗಳಲ್ಲಿ ಅಮೆರಿಕ 54 ಪಂದ್ಯ ಆಡಿ 41 ಗೆದ್ದಿದೆ, 9 ಡ್ರಾ, 4 ಸೋಲು. ಆ ನಾಲ್ಕು ಸೋಲು 1995ರಲ್ಲಿ ನಾರ್ವೆ, 2003ರಲ್ಲಿ ಜರ್ಮನಿ, 2007ರಲ್ಲಿ ಬ್ರೆಜಿಲ್, 2011ರಲ್ಲಿ ಸ್ವೀಡನ್ ಎದುರು ಬಂದವು. 2023ರಲ್ಲಿ ಸ್ವೀಡನ್ ಅವರನ್ನು ಹೊರಗೆ ಹಾಕಿದ್ದು ಶೂಟೌಟ್‌ನಲ್ಲಿ. ಅದು ಸೋಲಿನ ಕಾಲಂನಲ್ಲಿ ಕಾಣುವುದೇ ಇಲ್ಲ.

ವಿಶ್ವಕಪ್ ಹಾಳೆಯಲ್ಲಿ ನನಗೆ ತುಂಬ ಇಷ್ಟವಾದ ಸಾಲು 2007ರ ಜರ್ಮನಿಯದು. ಆರು ಪಂದ್ಯ, 21 ಗೋಲು, ಬಿಟ್ಟದ್ದು ಸೊನ್ನೆ. ಗೋಲಿನಲ್ಲಿ ನಾಡಿನೆ ಆಂಗರರ್ ಇದ್ದರು. ಫೈನಲ್‌ನಲ್ಲಿ ಮಾರ್ತಾ ಅವರ ಪೆನಾಲ್ಟಿಯನ್ನೂ ತಡೆದರು. ಅಷ್ಟೇ ಹೊತ್ತು ನಿಂತು ನೋಡಬೇಕಾದ ಇನ್ನೊಂದು ಸಾಲು 2019ರ ಥಾಯ್ಲೆಂಡ್‌ನದು. ಮೂರು ಪಂದ್ಯ, ಮೂರು ಸೋಲು, 20 ಬಿಟ್ಟರು, 1 ಹೊಡೆದರು. ಅಮೆರಿಕಕ್ಕೆ 0-13 ಸೋತ ಮೇಲೆ ಮುಂದಿನ ಪಂದ್ಯದಲ್ಲೇ ಸ್ವೀಡನ್ ಎದುರು ಕೊನೆಯ ಗಳಿಗೆಯಲ್ಲಿ ಕಾಂಚನಾ ಸುಂಗ್‌ಗುನ್ ಹೊಡೆದ ಗೋಲು ಅದು. ಬೆಂಚಿನಲ್ಲಿದ್ದ ತಂಡದ ಮ್ಯಾನೇಜರ್ ಅತ್ತರು. ಪಟ್ಟಿಯಲ್ಲಿ ಬರೀ "1" ಅಂತ ಇರುತ್ತದೆ. ಅದಕ್ಕೇ ಪಕ್ಕದಲ್ಲಿ "ಟಿಪ್ಪಣಿ" ಅಂತ ಒಂದು ಕಾಲಂ ಬೇಕೇ ಬೇಕು.

1991ರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಆಗ ಪಂದ್ಯ 80 ನಿಮಿಷದ್ದು, ಗೆಲುವಿಗೆ ಎರಡು ಅಂಕ. ಎಲ್ಲ ವರ್ಷಗಳ ಅಂಕ ಕೂಡುವುದಾದರೆ ಗೆಲುವಿಗೆ ಮೂರು ಅಂತಲೇ ಲೆಕ್ಕ ಹಾಕಿ, ಹಾಗೆ ಮಾಡಿದ್ದೇನೆ ಅಂತ ಮೇಲೆ ಬರೆದುಬಿಡಿ.

ವರ್ಷದ ವಿಷಯವೂ ಹಾಗೆಯೇ. ಟೂರ್ನಿಯ ಹೆಸರಿನಲ್ಲಿರುವ ವರ್ಷ ಬೇರೆ, ಆಡಿದ ವರ್ಷ ಬೇರೆ ಆಗಬಹುದು. 2024ರ ಆಫ್ರಿಕಾ ಕಪ್ ನಡೆದದ್ದು 2025ರ ಜುಲೈನಲ್ಲಿ, ಮೊರಾಕ್ಕೋದಲ್ಲಿ. ಸಿಲಿಗುರಿಯಲ್ಲಿ ನಡೆದ 2016ರ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ) ಟೂರ್ನಿಯ ಫೈನಲ್ ಆಡಿದ್ದು 2017ರ ಜನವರಿಯಲ್ಲಿ. ಎರಡಕ್ಕೂ ಬೇರೆ ಬೇರೆ ಕಾಲಂ ಇಟ್ಟರೆ ಮುಗಿಯಿತು.

ಇನ್ನು ಏಷ್ಯಾ. ನನ್ನ ಸಮಯ ಜಾಸ್ತಿ ಹೋಗಿದ್ದು ಇಲ್ಲಿಯೇ, ಮನಸ್ಸು ತುಂಬಿದ್ದೂ ಇಲ್ಲಿಯೇ.

ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ ಶುರುವಾದದ್ದು 1975ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಮೊದಲ ಚಾಂಪಿಯನ್ ಯಾರು ಗೊತ್ತಾ? ನ್ಯೂಜಿಲೆಂಡ್! ಫೈನಲ್‌ನಲ್ಲಿ ಥಾಯ್ಲೆಂಡ್ ವಿರುದ್ಧ 3-1. ಏಷ್ಯಾದ್ದೇ ಅಲ್ಲದ ತಂಡ ಏಷ್ಯಾದ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ಕೂತಿದೆ. ಆ ಕಾಲದಲ್ಲಿ ಮಹಿಳಾ ಫುಟ್‌ಬಾಲನ್ನು ನಡೆಸುತ್ತಿದ್ದದ್ದು ಈಗಿನ ಎಎಫ್‌ಸಿ (ಏಷ್ಯಾದ ಫುಟ್‌ಬಾಲ್ ಒಕ್ಕೂಟ) ಅಲ್ಲ, ಏಷ್ಯನ್ ಲೇಡೀಸ್ ಫುಟ್‌ಬಾಲ್ ಕಾನ್ಫೆಡರೇಷನ್ ಅನ್ನುವ ಬೇರೆ ಸಂಸ್ಥೆ. 1986ರಲ್ಲಿ ಅದು ಎಎಫ್‌ಸಿಯೊಳಗೆ ಸೇರಿತು. ಭಾರತದಲ್ಲೂ ಹಾಗೇ. 1975ರಲ್ಲಿ ಹುಟ್ಟಿದ ಮಹಿಳಾ ಫುಟ್‌ಬಾಲ್ ಫೆಡರೇಷನ್ 1990ರ ದಶಕದ ಶುರುವಿನವರೆಗೆ ಬೇರೆಯಾಗಿಯೇ ತಂಡ ಕಟ್ಟಿ ಕಳಿಸುತ್ತಿತ್ತು. ಈ ಕಾರಣಕ್ಕೆ ಕೆಲವರು 1986ಕ್ಕಿಂತ ಹಿಂದಿನದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ತೆಗೆದುಕೊಂಡೆ. ಎಎಫ್‌ಸಿಯೇ 1975ರಿಂದ ಚಾಂಪಿಯನ್‌ಗಳನ್ನು ಎಣಿಸುತ್ತದೆ. ಮೇಲಾಗಿ, ಸೌಕರ್ಯ ಇಲ್ಲದ ಕಾಲದಲ್ಲಿ ಆಡಿ ಬಂದ ಹೆಣ್ಣುಮಕ್ಕಳ ಫೈನಲನ್ನು ಯಾವ ಸಂಸ್ಥೆ ನಡೆಸಿತು ಅನ್ನುವ ಕಾರಣಕ್ಕೆ ಅಳಿಸಲು ನನಗೆ ಮನಸ್ಸು ಬರುವುದಿಲ್ಲ.

ಹೆಸರಿನ ಗೊಂದಲ ಇಲ್ಲಿ ಬೇಕಾದಷ್ಟಿದೆ. 1977, 1979, 1981ರಲ್ಲಿ ಸತತ ಮೂರು ಸಲ ಕಪ್ ಗೆದ್ದದ್ದು ತೈವಾನ್ ತಂಡ, ಆಗಿನ ಹೆಸರು ರಿಪಬ್ಲಿಕ್ ಆಫ್ ಚೀನಾ. 1986ರಿಂದ 1999ರವರೆಗೆ ಸತತ ಏಳು ಸಲ ಗೆದ್ದದ್ದು ಬೀಜಿಂಗ್‌ನ ಚೀನಾ. "ಚೀನಾ" ಅಂತ ಒಂದೇ ಹೆಸರು ಹಾಕಿದರೆ ಎರಡು ದೇಶಗಳ ಕಪ್ಪುಗಳು ಒಂದೇ ಬುಟ್ಟಿಗೆ ಬೀಳುತ್ತವೆ. ಅದರ ಮೇಲೆ, ಚೈನೀಸ್ ತೈಪೆ ಹೆಸರಿನಲ್ಲಿ ಅದೇ ತೈವಾನ್ 1986 ಮತ್ತು 1989ರಲ್ಲಿ ಓಷಿಯಾನಿಯಾದ ಚಾಂಪಿಯನ್ ಕೂಡ ಆಗಿದೆ. ನಾನು ಎರಡು ಕಾಲಂ ಮಾಡಿದೆ. ಒಂದರಲ್ಲಿ ಆ ದಿನ ತಂಡ ಆಡಿದ ಹೆಸರು, ಇನ್ನೊಂದರಲ್ಲಿ ಈಗಿನ ಹೆಸರು. ಒಟ್ಟು ಲೆಕ್ಕ ತೆಗೆಯುವುದು ಎರಡನೆಯದರಿಂದ. ಜರ್ಮನಿಗೂ ಇದು ಉಪಯೋಗಕ್ಕೆ ಬಂತು. 1989ರ ಯುರೋ ಗೆದ್ದದ್ದು ಪಶ್ಚಿಮ ಜರ್ಮನಿ.

ಎರಡು ಕಾಲಂಗೂ ಜಗ್ಗದ ಟೂರ್ನಿ ಒಂದಿದೆ. ಕೇರಳದ ಕಲ್ಲಿಕೋಟೆಯಲ್ಲಿ ನಡೆದದ್ದು. ಕೆಲವು ಪಟ್ಟಿಗಳು ಅದನ್ನು 1979 ಅನ್ನುತ್ತವೆ, ಕೆಲವು 1980. ಆಸ್ಟ್ರೇಲಿಯಾದ ಪರವಾಗಿ ಬಂದದ್ದು ವೆಸ್ಟರ್ನ್ ಆಸ್ಟ್ರೇಲಿಯಾ ರಾಜ್ಯದ ತಂಡ. ಆತಿಥೇಯ ಭಾರತ ಎರಡು ತಂಡ ಇಳಿಸಿತ್ತು, ಇಂಡಿಯಾ ಎಸ್ ಮತ್ತು ಇಂಡಿಯಾ ಎನ್. ಇಂಡಿಯಾ ಎಸ್ ಫೈನಲ್‌ಗೆ ಬಂದು ತೈವಾನ್‌ಗೆ 0-2 ಸೋತಿತು. ಈಗ ಭಾರತದ ಸಾಲಿನಲ್ಲಿ ಏನು ಬರೆಯಬೇಕು? ಎರಡೂ ತಂಡಗಳ ಪಂದ್ಯ ಕೂಡಿದರೆ ಒಂದೇ ಟೂರ್ನಿಯಲ್ಲಿ ಒಂದು ದೇಶ ಬೇರೆಯವರಿಗಿಂತ ಜಾಸ್ತಿ ಆಡಿದಂತೆ ಕಾಣುತ್ತದೆ. ನಾನು ಎರಡನ್ನೂ ಬೇರೆ ಸಾಲುಗಳಾಗಿ ಇಟ್ಟೆ. ರನ್ನರ್ಸ್ ಅಪ್ ಅನ್ನುವುದನ್ನು ಮಾತ್ರ ಭಾರತದ ಹೆಸರಿಗೆ ಬರೆದು, ಟಿಪ್ಪಣಿಯಲ್ಲಿ ಇಂಡಿಯಾ ಎಸ್ ಅಂತ ಹಾಕಿದೆ.

ಅದಾದ ಮೇಲೆ 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಭಾರತ ಮೂರನೇ ಸ್ಥಾನ. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್, ಥಾಯ್ಲೆಂಡ್ ಎದುರು 0-3. ಅದೇ ವರ್ಷ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಫುಟ್‌ಬಾಲ್‌ಗೆ ಅದನ್ನು ಪಡೆದ ಮೊದಲ ಮಹಿಳೆ ಅವರು. ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಕೂಡ ಆ ಕಾಲದಲ್ಲಿ ಭಾರತಕ್ಕೆ ಆಡಿದವರು. ಇದನ್ನು ಹೇಳಿದ ದಿನ ನಮ್ಮ ಹುಡುಗಿಯರ ಮುಖ ನೋಡಬೇಕಿತ್ತು.

ಭಾರತದ ಹಾಳೆಯಲ್ಲಿ ಅತ್ಯಂತ ಕಷ್ಟದ ಸಾಲು 2022ರದ್ದು. ಏಷ್ಯಾ ಕಪ್ ನಮ್ಮಲ್ಲೇ, ಮುಂಬೈ, ನವಿ ಮುಂಬೈ ಮತ್ತು ಪುಣೆಯಲ್ಲಿ ನಡೆಯಿತು. ಜನವರಿ 20ರಂದು ಭಾರತ ಮತ್ತು ಇರಾನ್ ಆಡಿ 0-0 ಡ್ರಾ ಆಯಿತು. ಆಮೇಲೆ ತಂಡದಲ್ಲಿ ಕೋವಿಡ್ ಹರಡಿತು. ಜನವರಿ 23ರಂದು ಚೈನೀಸ್ ತೈಪೆ ಎದುರು ಇಳಿಸಲು ಬೇಕಾದ 13 ಆಟಗಾರ್ತಿಯರೇ ಇರಲಿಲ್ಲ. ನಿಯಮದ ಪ್ರಕಾರ ಭಾರತ ಟೂರ್ನಿಯಿಂದ ಹಿಂದೆ ಸರಿದಂತೆ ಲೆಕ್ಕ ಆಯಿತು. ಆಡಿದ ಪಂದ್ಯವೂ ರದ್ದು.

ರದ್ದು ಅಂದರೆ ಪಟ್ಟಿಯಲ್ಲಿ ಏನು ಮಾಡಬೇಕು? ನಮಗಿಂತ ಹೆಚ್ಚು ಕಳೆದುಕೊಂಡದ್ದು ಇರಾನ್ ಅಂತ ನನಗನ್ನಿಸುತ್ತದೆ. ಅವರಿಗೆ ಅದು ಮೊದಲ ಏಷ್ಯಾ ಕಪ್, ಅದರಲ್ಲೂ ಮೊದಲ ಪಂದ್ಯ. ಆತಿಥೇಯರ ಎದುರು ಗೋಲು ಬಿಡದೆ ಅಂಕ ಗಳಿಸಿದ್ದರು. ಆಮೇಲೆ ಚೀನಾಗೆ 0-7, ತೈಪೆಗೆ 0-5. ಲೆಕ್ಕದಲ್ಲಿ ಈಗ ಉಳಿದಿರುವುದು ಆ ಎರಡು ಸೋಲು ಮಾತ್ರ. 90 ನಿಮಿಷ ಓಡಿದ್ದು, ತಡೆದದ್ದು, ಗೋಲ್‌ಕೀಪರ್ ಹಾರಿದ್ದು ಎಲ್ಲ ನಡೆದದ್ದೇ ಅಲ್ವಾ? ಅದಕ್ಕೆ ಆ ಸಾಲನ್ನು ನಾನು ತೆಗೆಯಲಿಲ್ಲ. "ಲೆಕ್ಕಕ್ಕೆ ಉಂಟಾ?" ಅಂತ ಹೊಸ ಕಾಲಂ ಮಾಡಿ, ಆ ಪಂದ್ಯದ ಮುಂದೆ "ಇಲ್ಲ" ಅಂತ ಬರೆದೆ. ಮೊತ್ತಕ್ಕೆ ಸೇರುವುದಿಲ್ಲ, ಆದರೆ ಹಾಳೆ ತೆರೆದವರಿಗೆ ಕಾಣುತ್ತದೆ. ಇಡೀ ಪಟ್ಟಿಯಲ್ಲಿ ಈ ಕಾಲಂ ಮಾಡಿದ್ದು ಸರಿ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಸ್ಯಾಫ್ ಹಾಳೆ ಸುಲಭ. 2010ರಿಂದ 2019ರವರೆಗೆ ನಡೆದ ಐದೂ ಟೂರ್ನಿ ಭಾರತದ್ದು. 2022 ಮತ್ತು 2024ರಲ್ಲಿ ಬಾಂಗ್ಲಾದೇಶ ಗೆದ್ದಿತು. ಎರಡೂ ಸಲ ಕಠ್ಮಂಡುವಿನಲ್ಲಿ, ಎರಡೂ ಸಲ ಫೈನಲ್‌ನಲ್ಲಿ ನೇಪಾಳದ ಎದುರು. ಭಾರತ ಎರಡೂ ಸಲ ಸೆಮಿಫೈನಲ್‌ನಲ್ಲಿ ನೇಪಾಳಕ್ಕೆ ತಲೆಬಾಗಿತು, 2024ರಲ್ಲಿ ಶೂಟೌಟ್‌ನಲ್ಲಿ.

ಈಗ ಹೊಸ ಸಾಲುಗಳನ್ನು ಹುಡುಗಿಯರೇ ತುಂಬುತ್ತಾರೆ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಭಾರತ ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರವು. ಆ ಸಾಲು ಹಾಕಲು ಬಂದ ನಮ್ಮ ಲೆಫ್ಟ್ ಬ್ಯಾಕ್ ಕೇಳಿದಳು: "ಮೇಡಂ, ಇದನ್ನ ಏಷ್ಯಾ ಕಪ್ ಹಾಳೆಗೇ ಸೇರಿಸೋಣ್ವಾ? ಮಂಗೋಲಿಯಾಗೆ 13 ಹೊಡೆದಿದೀವಲ್ಲ, ನಮ್ಮ ಗೋಲು ವ್ಯತ್ಯಾಸ ಎಷ್ಟು ಚೆನ್ನಾಗಾಗುತ್ತೆ!"

ಬೇಡ ಅಂದೆ. ಆತಿಥೇಯ ಆಸ್ಟ್ರೇಲಿಯಾ ಅರ್ಹತಾ ಪಂದ್ಯ ಆಡಿಲ್ಲ. ಹಿಂದಿನ ಸಲ ಮೇಲಿದ್ದ ಚೀನಾ, ದಕ್ಷಿಣ ಕೊರಿಯಾ, ಜಪಾನ್ ಕೂಡ ಆಡಿಲ್ಲ. ಅವರು ಆಡದ ಪಂದ್ಯಗಳ ಗೋಲನ್ನು ನಮ್ಮ ಸಾಲಿಗೆ ಸೇರಿಸಿ ಅವರ ಪಕ್ಕ ಇಟ್ಟರೆ ಹೋಲಿಕೆ ನ್ಯಾಯವಾಗಿರುವುದಿಲ್ಲ. ಅವಳು ಸ್ವಲ್ಪ ಯೋಚಿಸಿ "ಅರ್ಹತಾ ಸುತ್ತು" ಅಂತ ಬೇರೆ ಹಾಳೆ ತೆರೆದಳು. ಭಾರತ: 4 ಪಂದ್ಯ, 4 ಗೆಲುವು, ಹೊಡೆದದ್ದು 24, ಬಿಟ್ಟದ್ದು 1. ತಾಳೆ ನೋಡಿದೆವು. ಸರಿಯಾಗಿತ್ತು.