ಬಾನೆಟ್ ಎತ್ತಿದರೂ ಗುಟ್ಟು ಗೊತ್ತಾಗಬಾರದು

1969ರ ಷೆವರ್ಲೆ ಕ್ಯಾಮರೊ ಎಸ್‌ಎಸ್, 350 ಘನ ಇಂಚಿನ ಎಂಜಿನ್. ಕಂಪನಿ ಹೇಳಿದ ಲೆಕ್ಕ 300 ಅಶ್ವಶಕ್ತಿ. ಅಮೆರಿಕದವರು ಮಸಲ್ ಕಾರ್ ಅಂತ ಮುದ್ದು ಮಾಡುವುದು ಇಂಥವನ್ನೇ. ಆದರೆ ಐವತ್ತು ವರ್ಷ ದಾಟಿದ ಎಂಜಿನ್ ಹೊಗೆ ಬಿಡುತ್ತದೆ, ಆಯಿಲ್ ಕುಡಿಯುತ್ತದೆ. ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಆಸೆ ಸುಮ್ನಿರುತ್ತಾ? ಶಕ್ತಿ ಜಾಸ್ತಿ ಬೇಕು, ನೋಡಿದವರಿಗೆ ಮಾತ್ರ ಫ್ಯಾಕ್ಟರಿಯಿಂದ ಬಂದ ಹಾಗೇ ಕಾಣಬೇಕು. ಈ ಹುಚ್ಚಿಗೆ ಅಲ್ಲಿ ಒಂದು ಡ್ರ್ಯಾಗ್ ರೇಸ್ ವರ್ಗವೇ ಇದೆ. ಅದರ ಹೆಸರು ‘ಫ್ಯಾಕ್ಟರಿ ಅಪಿಯರಿಂಗ್ ಸ್ಟಾಕ್ ಟೈರ್’, ಅಂದರೆ ನೋಟವೂ ಫ್ಯಾಕ್ಟರಿಯದೇ, ಟೈರೂ ಫ್ಯಾಕ್ಟರಿ ಮಾದರಿಯದೇ.

ಸ್ಪ್ಯಾನರ್ ಹಿಡಿಯುವ ಮೊದಲು ಫೋನ್ ಹಿಡಿಯಿರಿ. ಪ್ರತಿ ವೈರು ಎಲ್ಲಿ ಹಾದಿದೆ, ಕ್ಲಿಪ್ ಯಾವ ಕಡೆ ತಿರುಗಿದೆ, ಬೋಲ್ಟಿನ ತಲೆಯ ಮೇಲೆ ಏನು ಗುರುತಿದೆ, ಎಲ್ಲದರ ಫೋಟೊ ಬೇಕು. ಬೋಲ್ಟುಗಳನ್ನು ಬೇರೆ ಬೇರೆ ಕವರಿಗೆ ಹಾಕಿ ಹೆಸರು ಬರೆಯಿರಿ. ನೆನಪಿರುತ್ತೆ ಅಂತ ಅಂದುಕೊಳ್ಳಬೇಡಿ, ಇರುವುದಿಲ್ಲ.

ಬಿಚ್ಚಿದ ಬ್ಲಾಕನ್ನು, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಒಡಲನ್ನು, ಲೇತ್ ಅಂಗಡಿಗೆ ಕಳಿಸುವ ಮುಂಚೆ ಒಂದು ಜಾಗ ನೋಡಬೇಕು. ಡ್ರೈವರ್ ಸೀಟಿನಲ್ಲಿ ಕೂತು ನೋಡಿದರೆ ಬಲಗಡೆಯ ಹೆಡ್ (ಸಿಲಿಂಡರುಗಳ ಮುಚ್ಚಳ) ಕೂರುವ ಮಟ್ಟಸ ಮೈ ಮುಂದಕ್ಕೆ ಚಾಚಿಕೊಂಡು ಒಂದು ಸಣ್ಣ ಪಟ್ಟಿಯಾಗಿದೆ. ಥಿನ್ನರ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ವೈರ್ ಬ್ರಷ್ ಬೇಡವೇ ಬೇಡ. ಎಂಜಿನ್ ಕಟ್ಟಿದ ತಿಂಗಳು, ದಿನ, ಎರಡಕ್ಷರದ ಕೋಡ್ ಕಾಣುತ್ತವೆ. ಎಷ್ಟೋ ಬ್ಲಾಕುಗಳಲ್ಲಿ ಜೊತೆಗೆ ಕಾರಿನ ನಂಬರಿನ ತುಣುಕೂ ಇರುತ್ತದೆ. ಅದು 19ಎನ್ ಅಂತ ಶುರುವಾದರೆ 1969ರ ಮಾಡೆಲ್, ಒಹಾಯೊದ ನಾರ್ವುಡ್ ಕಾರ್ಖಾನೆಯಲ್ಲಿ ತಯಾರಾದ ಷೆವರ್ಲೆ. ಅಕ್ಷರಗಳ ಹಿಂದೆ ಕೂದಲೆಳೆಯಂಥ ಗೀರುಗಳು ಮುಂದಿನಿಂದ ಹಿಂದಕ್ಕೆ ಓಡುತ್ತವೆ. ಅವು ಫ್ಯಾಕ್ಟರಿಯ ಯಂತ್ರ ಬಿಟ್ಟ ಗುರುತು. ಎಂಜಿನ್ ಅಸಲಿಯೇ ಅಂತ ತಿಳಿಯಲು ಕೊಳ್ಳಲು ಬರುವವರು ಭೂತಗನ್ನಡಿ ಹಿಡಿದು ನೋಡುವುದು ಇವನ್ನೇ.

ಹೆಡ್ ಸರಿಯಾಗಿ ಕೂರಲಿ ಅಂತ ಬ್ಲಾಕಿನ ಮೇಲ್ಮೈಯನ್ನು ತುಸು ಹೆರೆಯುವುದು ಮಾಮೂಲಿ. ಹಾಗೇ ಮುಂದಕ್ಕೆ ಹೋದರೆ ನಂಬರೂ ಹೋಯಿತು. ನನಗೆ ಗೊತ್ತಿರುವ ಒಬ್ಬರ ಬ್ಲಾಕ್ ಅಂಗಡಿಯಿಂದ ಕನ್ನಡಿಯಂತೆ ಹೊಳೆಯುತ್ತಾ ಬಂತು, ನಂಬರ್ ಇಲ್ಲದೆ. ಬಾಯಲ್ಲಿ ಹೇಳಿದ್ದರಂತೆ, ಚೀಟಿ ಬರೆದಿರಲಿಲ್ಲ. ಕಟರ್ ಪಟ್ಟಿಗಿಂತ ಮೊದಲೇ ನಿಲ್ಲಬೇಕು ಅಂತ ಬರೆದು ಬ್ಲಾಕಿಗೇ ಅಂಟಿಸಿ.

ಇನ್ನು ಶಕ್ತಿಯ ವಿಷಯ. 350ರ ಬೋರ್, ಅಂದರೆ ಸಿಲಿಂಡರಿನ ಅಗಲ, 4 ಇಂಚು. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 3.48 ಇಂಚು. ಬೋರನ್ನು 30 ಥೌ, ಅಂದರೆ 0.030 ಇಂಚು, ದೊಡ್ಡದು ಮಾಡಿ 3.75 ಇಂಚು ಸ್ಟ್ರೋಕಿನ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಹಾಕಿದರೆ 383 ಘನ ಇಂಚು ಆಗುತ್ತದೆ. ಹೊರಗೆ ಒಂದು ಕೂದಲೂ ಬದಲಾಗುವುದಿಲ್ಲ. ಹಿಂದೆ ಇದಕ್ಕೆ ಷೆವರ್ಲೆಯ 400 ಎಂಜಿನ್ನಿನ ಕ್ರ್ಯಾಂಕನ್ನು ಕಡೆದು ಹಾಕುತ್ತಿದ್ದರು. ಅದನ್ನು ಬ್ಯಾಲೆನ್ಸ್ ಮಾಡಲು ಒಂದು ಬದಿ ತೂಕವಿರುವ ಡ್ಯಾಂಪರ್ (ಕ್ರ್ಯಾಂಕಿನ ಮುಂತುದಿಯ ಚಕ್ರ) ಬೇಕು. ತಿಳಿದವರಿಗೆ ಮುಂದಿನಿಂದಲೇ ಗೊತ್ತಾಗಿಬಿಡುತ್ತೆ. ಈಗ ಒಳಗೇ ಬ್ಯಾಲೆನ್ಸ್ ಆದ ಹೊಸ ಕ್ರ್ಯಾಂಕ್ ಸಿಗುತ್ತದೆ, ಅದನ್ನೇ ಕೊಳ್ಳಿ. ಕನೆಕ್ಟಿಂಗ್ ರಾಡಿನ ಬೋಲ್ಟ್ ಬ್ಲಾಕಿಗೆ ತಾಗುವ ಕಡೆ ಸ್ವಲ್ಪ ಉಜ್ಜಬೇಕು. ಪಿಸ್ಟನ್ ತಲೆ ತಟ್ಟೆಯಂತೆ ತಗ್ಗಾಗಿರಲಿ, ಇಲ್ಲದಿದ್ದರೆ ಕಂಪ್ರೆಷನ್ ಏರಿ ಬಂಕ್ ಪೆಟ್ರೋಲಿಗೆ ಎಂಜಿನ್ ಕುಟ್ಟಲು ಶುರು ಮಾಡುತ್ತದೆ.

ಹೆಡ್‌ನ ತುದಿಯಲ್ಲಿ ಒಂಟೆಯ ಬೆನ್ನಿನಂತೆ ಎರಡು ಡುಬ್ಬ ಇದ್ದರೆ ಆ ಹೆಡ್ ಎಸೆಯಬೇಡಿ. ಗುರುತು ಹಿಡಿಯುವವರು ಮೊದಲು ನೋಡುವುದು ಅದನ್ನೇ. ಒಳಗಿನ ದಾರಿಗಳನ್ನು ಉಜ್ಜಿ ಅಗಲ ಮಾಡಿಸಿ. ಆ ಕಾಲದ ಪೆಟ್ರೋಲಿನಲ್ಲಿದ್ದ ಸೀಸ ಈಗಿಲ್ಲ, ಆದ್ದರಿಂದ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟ್ ಹಾಕಿಸಿ.

ಎಲ್ಲ ಬಚ್ಚಿಟ್ಟರೂ ಕಿವಿಯಿಂದ ಬಚ್ಚಿಡಲಾಗದ್ದು ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್. ದೊಡ್ಡ ಕ್ಯಾಮ್ ಹಾಕಿ ಐಡ್ಲಿಂಗ್‌ನಲ್ಲಿ ‘ಗುಡ್ ಗುಡ್’ ಅಂತ ಕುಣಿಯುವ ಕಾರಿಗೆ ಹಳೇ ಏರ್ ಕ್ಲೀನರ್ ಹಾಕಿ ಏನು ಪ್ರಯೋಜನ? ನಾನಾದರೆ ಸ್ವಲ್ಪ ಶಕ್ತಿ ಬಿಟ್ಟು ಸಾಧು ಕ್ಯಾಮ್ ಆರಿಸುತ್ತೇನೆ. ಕ್ಯಾಮ್ ಮೇಲೆ ಉರುಳುವ ರೋಲರ್ ಟ್ಯಾಪೆಟ್ ಒಳ್ಳೆಯದು, ಮ್ಯಾನಿಫೋಲ್ಡ್ ಅಡಿಯಲ್ಲಿ ಯಾರಿಗೂ ಕಾಣುವುದಿಲ್ಲ. ಆದರೆ ಈ ಬ್ಲಾಕಿನಲ್ಲಿ ರೋಲರ್ ಕ್ಯಾಮ್ ಮುಂದಕ್ಕೆ ಸರಿಯುತ್ತದೆ, ಅದನ್ನು ತಡೆಯುವುದು ತೆಳು ತಗಡಿನ ಟೈಮಿಂಗ್ ಕವರ್. ಅದಕ್ಕೆ ಒಳಗಿಂದ ಬಲ ಕೊಡಿಸಿ.

ಜೋಡಿಸುವಾಗ ಅಳತೆಯೇ ದೇವರು. ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್‌ಗೆ ಬೋರಿನ ಪ್ರತಿ ಇಂಚಿಗೆ 4 ಥೌ ಲೆಕ್ಕ, ಇಲ್ಲಿ ಸುಮಾರು 0.016 ಇಂಚು. ಹೆಡ್ ಬೋಲ್ಟ್ ಒಂದೇ ಸಲಕ್ಕೆ ಅಲ್ಲ, ಮೂರು ಸುತ್ತಿನಲ್ಲಿ 65 ಪೌಂಡ್-ಅಡಿಗೆ ಬಿಗಿಯಬೇಕು. ಈ ಎಂಜಿನ್‌ನಲ್ಲಿ ಅವು ನೀರಿರುವ ಜಾಗಕ್ಕೇ ಇಳಿಯುತ್ತವೆ. ಎಳೆಗಳಿಗೆ ಸೀಲೆಂಟ್ ಹಚ್ಚದಿದ್ದರೆ ಕೂಲೆಂಟ್ ಜಿನುಗುತ್ತದೆ.

ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ಹಳೆಯದೇ ಸಾಕು, ಜೆಟ್ ಬದಲಿಸಿ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಅಡಿ ಇರುವ, ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ತುಣುಕು ಕೂರಿಸಿ.

ಬಣ್ಣ ಷೆವರ್ಲೆ ಕಿತ್ತಳೆ. ಎಲ್ಲರೂ ಎಡವುವುದು ಇಲ್ಲೇ. ಬಿಡಿ ಭಾಗಗಳಿಗೆ ನೀಟಾಗಿ ಬಣ್ಣ ಹೊಡೆದು ಜೋಡಿಸುತ್ತಾರೆ. ಫ್ಯಾಕ್ಟರಿಯಲ್ಲಿ ಜೋಡಿಸಿದ ಮೇಲೆ ಹೊಡೆಯುತ್ತಿದ್ದರು. ಗ್ಯಾಸ್ಕೆಟ್ ಅಂಚಿಗೆ, ಬೋಲ್ಟಿನ ತಲೆಗೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬದಿಗೂ ಬಣ್ಣ ಹಾರುತ್ತಿತ್ತು. ಮ್ಯಾನಿಫೋಲ್ಡಿನ ಮೇಲಿನದು ಸ್ವಲ್ಪ ದಿನಕ್ಕೆ ಸುಟ್ಟು ಹೋಗುತ್ತಿತ್ತು. ಆದ್ದರಿಂದ ಜೋಡಿಸಿದ ಮೇಲೇ ಹೊಡೆಯಿರಿ, ಕೊಂಚ ಅಲಕ್ಷ್ಯದಿಂದ. ನಂಬರಿನ ಪಟ್ಟಿಗೆ ಮಾತ್ರ ಟೇಪ್ ಅಂಟಿಸಿರಿ.

ಸ್ಟಾರ್ಟ್ ಮಾಡುವ ಮೊದಲು ಡಿಸ್ಟ್ರಿಬ್ಯೂಟರ್ ತೂತಿನಿಂದ ಪ್ರೈಮಿಂಗ್ ಕಡ್ಡಿ ಇಳಿಸಿ ಡ್ರಿಲ್ಲಿನಿಂದ ಆಯಿಲ್ ಪಂಪ್ ತಿರುಗಿಸಿ. ವಾಲ್ವ್ ಒತ್ತುವ ಹದಿನಾರು ರಾಕರ್‌ಗಳಲ್ಲೂ ಆಯಿಲ್ ಜಿನುಗುವ ತನಕ ಬಿಡಬೇಡಿ. ಮೊದಲ ಓಟ ಮುಗಿದ ಮೇಲೆ ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಬೇರಿಂಗ್ ಚೂರು ಕಂಡರೆ ಎಂಜಿನ್ ಮತ್ತೆ ಹೊರಗೆ ಬರಬೇಕು.